ಎಳೆಯುವ ಬಟ್ಟೆ, ಎಳೆಯದೆ ಹೊಲಿಯಿರಿ

ಮೊನ್ನೆ ಪಕ್ಕದ ಮನೆಯವರು ಮಗಳಿಗೆ ಬನಿಯನ್ ಬಟ್ಟೆಯಲ್ಲಿ ಹೊಲಿದ ಪೈಜಾಮ ತಂದು ತೋರಿಸಿದರು. ಕಾಲಿನ ಅಂಚು ಕರಿದ ಹಪ್ಪಳದ ಹಾಗೆ ಸುರುಟಿತ್ತು. ಮಗು ಒಂದೇ ಸಲ ಕುಕ್ಕರುಗಾಲಲ್ಲಿ ಕೂತಿದ್ದಕ್ಕೆ ಹಿಂದಿನ ಹೊಲಿಗೆ ಪಟಪಟ ಅಂತ ಬಿಟ್ಟುಹೋಗಿತ್ತು. ಮಷಿನ್ ಕೆಟ್ಟಿದೆ ಅನ್ನುವುದು ಅವರ ವಾದ. ನಾನು ಹೋಗಿ ನೋಡಿದರೆ ಮಷಿನ್ ಚೆನ್ನಾಗೇ ಇತ್ತು. ಸೂಜಿಯೂ ಕೈಯೂ ತಪ್ಪಿದ್ದವು.

ಬಟ್ಟೆ ಮೊದಲು. ತಿರುಪ್ಪೂರಿನ ಬನಿಯನ್ ಬಟ್ಟೆ ಎಷ್ಟೋ ಅಂಗಡಿಗಳಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ತಂದ ತಕ್ಷಣ ಒಗೆಯಿರಿ, ಹತ್ತಿಯದ್ದು ಖಂಡಿತ ಕುಗ್ಗುತ್ತದೆ. ಒದ್ದೆ ಬಟ್ಟೆಯನ್ನು ತಂತಿಗೆ ನೇತುಹಾಕಬೇಡಿ, ಹಾಸಿ ಒಣಗಿಸಿ. ಕತ್ತರಿಸುವಾಗ ಜಾಸ್ತಿ ಹಿಗ್ಗುವ ಕಡೆ ಮೈ ಸುತ್ತ ಬರಬೇಕು. ಮೇಜಿನಿಂದ ಕೆಳಗೆ ಜೋತುಬೀಳಲು ಬಿಡಬೇಡಿ. ಅಷ್ಟೇ.

ಈಗ ಸೂಜಿ. ಎಲ್ಲರೂ ಎಡವುವುದು ಇಲ್ಲೇ. ರವಿಕೆ ಹೊಲಿಯುವ ಸೂಜಿಯ ಮೊನೆ ಚೂಪು. ಬನಿಯನ್ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದಿರುತ್ತದೆ. ಚೂಪು ಮೊನೆ ಆ ಎಳೆಯನ್ನೇ ಕತ್ತರಿಸುತ್ತದೆ. ಎರಡು ಒಗೆತಕ್ಕೆ ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ತೂತು. ಬಾಲ್ ಪಾಯಿಂಟ್ ಸೂಜಿಯ ಮೊನೆ ದುಂಡಗಿದ್ದು ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ. ಪೈಜಾಮಕ್ಕೆ 11 ನಂಬರ್ ಸಾಕು, ದಪ್ಪ ಬಟ್ಟೆಗೆ 14. ರಬ್ಬರಿನಂತೆ ಹಿಗ್ಗುವ ಲೈಕ್ರಾ ನೂಲು ಸೇರಿದ್ದರೆ ಸ್ಟ್ರೆಚ್ ಸೂಜಿಯೇ ಬೇಕು. ಆ ಬಟ್ಟೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೇಳುತ್ತದೆ. ಆಗ ಸೂಜಿಯ ಹಿಂದೆ ದಾರದ ಕುಣಿಕೆ ಬಿಡಿಸಿಕೊಳ್ಳುವುದಿಲ್ಲ, ಕೆಳಗಿನ ಕೊಕ್ಕೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಹೊಲಿಗೆ ಹಾರುತ್ತದೆ. ಇದಕ್ಕೆ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಅಗ್ಗಕ್ಕೆ ಡಬ್ಬಿ ತುಂಬ ಕೊಡುವ ಸೂಜಿಗಳನ್ನು ನಾನಂತೂ ಮನೆಗೆ ತರುವುದಿಲ್ಲ.

ದಾರ ಪಾಲಿಯೆಸ್ಟರ್. ಹತ್ತಿ ದಾರ ಹಿಗ್ಗುವುದಿಲ್ಲ, ತುಂಡಾಗುತ್ತದೆ. ಜಿಗ್‌ಜಾಗ್ (ಅಂಕುಡೊಂಕು) ಹೊಲಿಗೆ ಇರುವ ಮಷಿನ್ ಆದರೆ ಅಗಲ 1 ಮಿ.ಮೀ., ಉದ್ದ 2.5 ಇಡಿ. ನೋಡಲು ನೇರ ಹೊಲಿಗೆಯ ಹಾಗೇ ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಅಜ್ಜಿ ಕಾಲದ ಕಪ್ಪು ಮಷಿನ್‌ನಲ್ಲಿ ನೇರ ಹೊಲಿಗೆ ಮಾತ್ರ, ಅಲ್ವಾ? ಉದ್ದ 2ಕ್ಕೆ ಇಳಿಸಿ, ಮೇಲಿನ ಟೆನ್ಷನ್ ತುಸು ಸಡಿಲಿಸಿ, ಒಂದರ ಪಕ್ಕ ಒಂದರಂತೆ ಎರಡು ಸಾಲು ಹೊಡೆಯಿರಿ. ಅಸಲು ಬಟ್ಟೆಗೆ ಹೋಗುವ ಮೊದಲು ಒಂದು ತುಂಡಿನ ಮೇಲೆ ಹೊಲಿದು ಜೋರಾಗಿ ಎಳೆದು ನೋಡಿ.

ಇನ್ನು ಕೈ. ಮಷಿನ್‌ನ ಹಲ್ಲು ಬಟ್ಟೆಯನ್ನು ತಾನೇ ಒಯ್ಯುತ್ತದೆ. ನೀವು ಹಿಂದಿನಿಂದ ಎಳೆದಿರೋ, ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆ ಬೀಳುತ್ತದೆ, ಅಂಚು ಹಪ್ಪಳವಾಗುತ್ತದೆ. ಬೆರಳುಗಳನ್ನು ಸುಮ್ನೆ ಬಟ್ಟೆಯ ಮೇಲಿಟ್ಟು ದಾರಿ ತೋರಿಸಿ, ಸಾಕು. ಮಿಕ್ಕ ಬಟ್ಟೆ ಮಡಿಲಿಗೆ ಜಾರದಂತೆ ಮೇಜಿನ ಮೇಲೇ ಗುಡ್ಡೆ ಹಾಕಿಕೊಳ್ಳಿ. ಹಾಗಿದ್ದೂ ಅಲೆ ಬಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಪಾದದ ಒತ್ತಡ ಕಡಿಮೆ ಮಾಡಿ. ಎಷ್ಟೋ ಮಷಿನ್‌ಗಳಲ್ಲಿ ಅದರ ತಿರುಪು ಎಡಗಡೆ, ಪಾದದ ನೇರ ಮೇಲೆ ಇರುತ್ತದೆ. ಶುರುವಿನಲ್ಲೇ ಬಟ್ಟೆ ಸೂಜಿಯ ತೂತಿನೊಳಗೆ ಹೋಗಿ ಸಿಕ್ಕಿಕೊಂಡರೆ ಮೊದಲು ಒಂದು ಚೂರು ಬಟ್ಟೆಯ ಮೇಲೆ ಹೊಲಿಗೆ ಶುರು ಮಾಡಿ, ನಿಲ್ಲಿಸದೆ ಅಲ್ಲಿಂದ ಪೈಜಾಮದ ಮೇಲೆ ಬನ್ನಿ. ಕೆಲವರು ಬಟ್ಟೆಯ ಕೆಳಗೆ ಪೇಪರ್ ಪಟ್ಟಿ ಇಡುತ್ತಾರೆ. ಒಳ್ಳೆಯ ಉಪಾಯವೇ, ಆದರೆ ನ್ಯೂಸ್ ಪೇಪರ್ ಬೇಡ, ಶಾಯಿ ಹತ್ತುತ್ತದೆ. ಬಟರ್ ಪೇಪರ್ ಇಡಿ, ಹೊಲಿದ ಮೇಲೆ ಹರಿದು ತೆಗೆಯಿರಿ.

ಸೊಂಟದ ಎಲಾಸ್ಟಿಕ್ ಅಳತೆಗಿಂತ ಐದು ಸೆಂ.ಮೀ. ಕಡಿಮೆ ಇರಲಿ. ಕಾಲಿನ ಅಂಚು ಒಂದೇ ಮಡಿಕೆ ಸಾಕು, ಈ ಬಟ್ಟೆ ನೂಲು ಬಿಡುವುದಿಲ್ಲ.

ಈಗಾಗಲೇ ಸುರುಟಿದ್ದರೆ ಸ್ಟೀಮ್ ಇಸ್ತ್ರಿಯನ್ನು ಬಟ್ಟೆಗೆ ತಾಗಿಸದೆ ಒಂದು ಬೆರಳು ಮೇಲೆ ಹಿಡಿದು ಹಬೆ ಕೊಡಿ. ಕೈಯಿಂದ ಮೆಲ್ಲಗೆ ತಟ್ಟಿ, ತಣ್ಣಗಾಗುವವರೆಗೆ ಮುಟ್ಟಬೇಡಿ. ಬಹಳ ಸಲ ಸರಿಹೋಗುತ್ತದೆ. ಪಕ್ಕದ ಮನೆಯದ್ದು ಸರಿಹೋಗಲಿಲ್ಲ. ಮಂಡಿಯ ಮೇಲಕ್ಕೆ ಕತ್ತರಿಸಿ ಚಡ್ಡಿ ಮಾಡಿಕೊಟ್ಟೆ.