ಮೂರು ಗಂಟೆಗೇ ಕತ್ತಲಾಗುವ ಊರಲ್ಲಿ ದೀಪದ ಪಾಡು

ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ 3ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಮ್ಮ ಬಾಡಿಗೆ ಮನೆಯ ಚಾವಣಿಯಲ್ಲಿ ಇದ್ದದ್ದು ಬರೀ ಸಾಕೆಟ್. ನಮ್ಮೂರಿನ ಅಭ್ಯಾಸದಂತೆ ಹಾಲ್ ನಡುವೆ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಳ್ಳನೆ ಎಲ್‌ಇಡಿ ಹಾಕಿದೆ. ಬೆಳಕೇನೋ ಜಾಸ್ತಿ, ಆದರೆ ಮನೆ ಮೆಡಿಕಲ್ ಸ್ಟೋರ್ ಥರ ಕಾಣುತ್ತಿತ್ತು. ತಿಳಿಸಾರು ಕೂಡ ಬೂದಿ ಬಣ್ಣ!

ಒಂದು ಸಂಜೆ ಎದುರು ಮನೆಗಳತ್ತ ಕಣ್ಣು ಹೋಯಿತು. ಕಿಟಕಿ ಕಟ್ಟೆಗಳ ಮೇಲೆಲ್ಲ ಪುಟ್ಟ ಪುಟ್ಟ ದೀಪ. ಓಹೋ, ಇದಲ್ವಾ ಗುಟ್ಟು ಅನ್ನಿಸಿತು.

ದೊಡ್ಡದನ್ನು ಕಿತ್ತು, ಮೂಲೆ, ಕಿಟಕಿ, ಪುಸ್ತಕದ ಕಪಾಟು ಅಂತ ಐದು ಸಣ್ಣ ದೀಪ ಇಟ್ಟೆ. ಎಲ್ಲ 2700 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಬೆಳಕು. ಬಣ್ಣ ಸರಿಯಾಗಿ ಕಾಣಲಿ ಅಂತ ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ 100ರವರೆಗಿನ ಅಂಕ) 90 ಇದ್ದದ್ದನ್ನೇ ಹುಡುಕಿ ತಂದೆ.

ಊಟದ ಮೇಜಿಗೆ ಮಾತ್ರ ಏನಾದರೂ ವಿಶೇಷ ಬೇಕಿತ್ತು. ಡೆನ್ಮಾರ್ಕ್‌ನ ವಿನ್ಯಾಸಕಾರ ಪೌಲ್ ಹೆನಿಂಗ್‌ಸೆನ್ 1958ರಲ್ಲಿ ರೂಪಿಸಿದ ಪಿಎಚ್ 5 ಅನ್ನುವ ತೂಗುದೀಪದ ಮೇಲೆ ಆಸೆ. ಪದರ ಪದರ ಶೇಡ್, ಬಲ್ಬ್ ಕಣ್ಣಿಗೇ ಬೀಳುವುದಿಲ್ಲ. ಬೆಲೆ ನೋಡಿ ಸುಮ್ನೆ ವಾಪಸ್ ಬಂದೆ. ಹಳೆ ಸಾಮಾನಿನ ಅಂಗಡಿಯಲ್ಲಿ ಸೊಟ್ಟಾದ ತಾಮ್ರದ ಶೇಡ್ ಸಿಕ್ಕಿತು. ಮೊದಲು ಎತ್ತರಕ್ಕೆ ಕಟ್ಟಿದ್ದೆ, ಕಣ್ಣಿಗೆ ಕುಕ್ಕಿತು. ಮೇಜಿನಿಂದ 60 ಸೆಂಟಿಮೀಟರ್‌ಗೆ ಇಳಿಸಿದ ಮೇಲೆ ಸಾರು ಮತ್ತೆ ಸಾರಿನ ಬಣ್ಣಕ್ಕೆ ಬಂತು.