ಚಳಿಗಾಲದಲ್ಲಿ ನಾಯಿ ಬೆಕ್ಕಿಗೂ ಒಂದಿಷ್ಟು ಕೆಲಸ ಕೊಡಿ

ಚಳಿ ಜೋರಾದರೆ ಹೊರಗೆ ಹೋಗಲು ನಮಗೇ ಮನಸ್ಸಾಗುವುದಿಲ್ಲ. ನಾಯಿಯ ವಾಕಿಂಗ್ ಅರ್ಧಕ್ಕೆ ಇಳಿಯುತ್ತದೆ. ಬೆಕ್ಕು ಗಾಳಿ ಕುಡಿಯುತ್ತಾ ಕೂರುತ್ತಿದ್ದ ಕಿಟಕಿ ಮುಚ್ಚಿರುತ್ತದೆ. ಆಮೇಲೆ ದೂರುಗಳು ಶುರು. ಸೋಫಾದ ದಿಂಬು ಹರಿಯಿತು, ಚಪ್ಪಲಿ ಕಚ್ಚಿತು, ನಡುರಾತ್ರಿ ಕಾಲ್ಬೆರಳಿನ ಮೇಲೆ ಎಗರಿತು. ಎಷ್ಟೋ ಸಲ ಅದು ತಂಟೆಯಲ್ಲ, ಬೇಜಾರು. ಸುಮ್ನೆ ಕೂರಿಸಿದರೆ ಅದು ತನ್ನ ಕೆಲಸ ತಾನೇ ಹುಡುಕಿಕೊಳ್ಳುತ್ತದೆ. ಆ ಕೆಲಸ ನಮಗೆ ಹಿಡಿಸುವುದಿಲ್ಲ ಅಷ್ಟೇ.

ಹೊಸ ಆಟಿಕೆ ತರುವ ಮೊದಲು ಊಟದ ಬಟ್ಟಲನ್ನು ಎತ್ತಿಡಿ. ಹೊರಗೆ ಬದುಕುವ ಪ್ರಾಣಿಯ ದಿನದಲ್ಲಿ ಎಷ್ಟೋ ಹೊತ್ತು ಆಹಾರ ಹುಡುಕುವುದರಲ್ಲೇ ಕಳೆಯುತ್ತದೆ. ನಮ್ಮ ಮನೆಯಲ್ಲಿ ಅದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಅದು ಏನು ಮಾಡಬೇಕು ಹೇಳಿ?

ಒಂದು ಹಳೇ ಟವೆಲ್ ನೆಲಕ್ಕೆ ಹಾಸಿ. ಒಣ ಫುಡ್ಡಿನ ಕಾಳುಗಳನ್ನು ಉದ್ದಕ್ಕೂ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ನಾಯಿಯ ಮುಂದಿಡಿ. ಮೊದಲ ಸಲ ಸಡಿಲವಾಗಿರಲಿ. ಅದು ಮೊದಲು ಕಾಲಿನಿಂದ ಕೆರೆಯುತ್ತದೆ, ಒಮ್ಮೆ ನಿಮ್ಮ ಮುಖ ನೋಡುತ್ತದೆ. ಆಗ ಸಹಾಯಕ್ಕೆ ಹೋಗಬೇಡಿ. ಮೂಗಿನಿಂದ ನೂಕಿ, ಒಂದು ಸುತ್ತು ಬಿಚ್ಚಿ, ನಾಲ್ಕು ಕಾಳು ಸಿಕ್ಕ ಕೂಡಲೇ ಅದಕ್ಕೆ ಆಟ ಅರ್ಥವಾಗುತ್ತದೆ. ಅಭ್ಯಾಸವಾದ ಮೇಲೆ ಬಿಗಿಯಾಗಿ ಸುತ್ತಿ, ಆಮೇಲೆ ಗಂಟು ಹಾಕಿ. ಬಟ್ಟೆ ಹರಿದು ನುಂಗುವ ನಾಯಿಗೆ ಮಾತ್ರ ಇದು ಬೇಡ. ಅಂಥದಕ್ಕೆ ಕಾಳುಗಳನ್ನು ರೂಮಿನ ಮೂಲೆ ಮೂಲೆಯಲ್ಲಿ ಬಚ್ಚಿಟ್ಟು ಹುಡುಕಲು ಬಿಡಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ ಇರುತ್ತವಂತೆ, ನಾಯಿಯ ಮೂಗಿನಲ್ಲಿ 10 ಕೋಟಿಗೂ ಜಾಸ್ತಿ. ಅಂಥ ಮೂಗಿಗೆ ಕೆಲಸ ಸಿಕ್ಕರೆ ನಾಯಿ ಚೆನ್ನಾಗಿ ದಣಿಯುತ್ತದೆ. ಹಾಗಾಗಿ ವಾಕಿಂಗ್ ಚಿಕ್ಕದಾದರೂ ಪರವಾಗಿಲ್ಲ, ಹೋದಾಗ ಬೆಲ್ಟ್ ಹಿಡಿದು ಎಳೆಯದೆ ಮೂಸಲು ಬಿಡಿ.

ಬೆಕ್ಕಿಗೆ ಬೇಕಾದದ್ದು ಬೇಟೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ಅದರ ಚುರುಕಿನ ಹೊತ್ತು. ಕೋಲಿಗೆ ದಾರ, ದಾರದ ತುದಿಗೆ ಗರಿ ಕಟ್ಟಿದ ಆಟಿಕೆ ಸಾಕು, ಆದರೆ ಆಡಿಸುವ ರೀತಿ ಗೊತ್ತಿರಬೇಕು. ತುಂಬಾ ಜನ ಅದನ್ನು ಬೆಕ್ಕಿನ ಮುಖಕ್ಕೇ ಹಿಡಿಯುತ್ತಾರೆ. ಯಾವ ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತದೆ? ಗರಿಯನ್ನು ದೂರಕ್ಕೆ ಎಳೆಯಿರಿ, ಕುರ್ಚಿಯ ಹಿಂದೆ ಮರೆ ಮಾಡಿ, ಸ್ವಲ್ಪ ಹೊತ್ತು ಸ್ತಬ್ಧವಾಗಿಡಿ, ಒಮ್ಮೆ ಮಾತ್ರ ಅಲುಗಿಸಿ. ಬೆಕ್ಕು ಮೈ ಕುಗ್ಗಿಸಿ ಹಿಂಭಾಗ ಅಲ್ಲಾಡಿಸಿತು ಅಂದರೆ ಇನ್ನೇನು ಹಾರುತ್ತದೆ. ಕೊನೆಗೆ ಅದರ ಕೈಗೆ ಸಿಗಲೇಬೇಕು. 5-10 ನಿಮಿಷದ ಆಟ ದಿನಕ್ಕೆ ಎರಡು ಮೂರು ಸಲ ಸಾಕು. ರಾತ್ರಿಯ ಆಟ ಮುಗಿದ ಕೂಡಲೇ ಊಟ ಕೊಡಿ. ಬೇಟೆಯಾಡಿ ತಿಂದ ಬೆಕ್ಕು ಮೈ ನೆಕ್ಕಿಕೊಂಡು ಮಲಗುತ್ತದೆ, ನಿಮ್ಮ ಕಾಲ್ಬೆರಳೂ ಉಳಿಯುತ್ತದೆ.

ಲೇಸರ್ ಲೈಟಿನ ಆಟ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಎಷ್ಟು ಓಡಿದರೂ ಕೈಗೆ ಏನೂ ಸಿಗುವುದಿಲ್ಲ, ಕೆಲವು ಬೆಕ್ಕುಗಳು ರೇಗಿಹೋಗುತ್ತವೆ. ಆಡಿಸಿದರೂ ಕಣ್ಣಿಗೆ ಬಿಡಬೇಡಿ, ಕೊನೆಗೆ ಹಿಡಿಯಲು ಏನಾದರೂ ಕೊಡಿ. ಇನ್ನೊಂದು ಮಾತು, ಆಟ ಮುಗಿದ ಮೇಲೆ ದಾರ, ಉಲ್ಲನ್, ರಿಬ್ಬನ್ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕಿದರೂ ಸರಿಯೇ. ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ರಟ್ಟಿನ ಡಬ್ಬಗಳನ್ನು ಎಸೆಯಬೇಡಿ. ಪಿನ್, ಟೇಪ್ ಕಿತ್ತು, ಎರಡು ತೂತು ಕೊರೆದು ಇಟ್ಟರೆ ಬೆಕ್ಕಿಗೆ ಬಚ್ಚಿಟ್ಟುಕೊಳ್ಳುವ ಜಾಗ, ಮೊಲಕ್ಕೆ ಕಡಿಯುವ ಕೆಲಸ. ಟಿಶ್ಯೂ ಸುತ್ತುವ ಕೊಳವೆಗೆ ಒಣಹುಲ್ಲು ತುರುಕಿಟ್ಟರೆ ಮೊಲ ಅದನ್ನು ಎಳೆದು ಎಳೆದು ತಿನ್ನುತ್ತದೆ. ಪಂಜರದ ಹಕ್ಕಿಗೆ ಕಾಳನ್ನು ಬಿಳಿ ಕಾಗದದಲ್ಲಿ ಸುತ್ತಿ ಕೊಡಿ. ಹಕ್ಕಿ ಇರುವ ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸಲೇಬಾರದು. ವಿಪರೀತ ಕಾದಾಗ ಅದರಿಂದ ಬರುವ ಹೊಗೆ ಹಕ್ಕಿಯ ಜೀವ ತೆಗೆಯುತ್ತದೆ. ಚಳಿಗೆ ಕಿಟಕಿ ಮುಚ್ಚಿದ್ದಾಗಲಂತೂ ಅಪಾಯ ಇನ್ನೂ ಜಾಸ್ತಿ.

ಆಟಿಕೆಗಳನ್ನೆಲ್ಲ ಒಟ್ಟಿಗೆ ನೆಲಕ್ಕೆ ಸುರಿಯಬೇಡಿ. ಎರಡು ಮೂರು ಹೊರಗಿಟ್ಟು ಉಳಿದದ್ದನ್ನು ಕಪಾಟಿಗೆ ಹಾಕಿ, ಕೆಲವು ದಿನಕ್ಕೊಮ್ಮೆ ಬದಲಾಯಿಸಿ. ಮರೆತ ಚೆಂಡು ಮತ್ತೆ ಹೊಸದಾಗುತ್ತದೆ. ಆಟಕ್ಕೆ ಬಳಸಿದ ತಿಂಡಿಯನ್ನು ದಿನದ ಊಟದಲ್ಲಿ ಕಳೆಯಿರಿ, ಇಲ್ಲದಿದ್ದರೆ ಚಳಿಗಾಲ ಮುಗಿಯುವಷ್ಟರಲ್ಲಿ ಹೊಟ್ಟೆ ನೆಲ ಗುಡಿಸುತ್ತದೆ.

ಸದಾ ಕುಣಿಯುತ್ತಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಆಟ ಬಿಟ್ಟರೆ, ಊಟಕ್ಕೆ ಬೆನ್ನು ತಿರುಗಿಸಿದರೆ ಅದನ್ನು ಬೇಜಾರು ಅಂತ ತಳ್ಳಿಹಾಕಬೇಡಿ, ಡಾಕ್ಟರಿಗೆ ತೋರಿಸಿ. ವಯಸ್ಸಾದವಕ್ಕೆ ಚಳಿಯಲ್ಲಿ ಕೀಲು ನೋವು ಜಾಸ್ತಿ, ನಮ್ಮ ಹಾಗೆಯೇ ಅಲ್ವಾ? ಅವುಗಳ ಜೊತೆ ಟೈಲ್ಸ್ ಮೇಲೆ ಆಡಬೇಡಿ, ಕಾಲು ಜಾರುತ್ತದೆ. ಒಂದು ದಪ್ಪ ಜಮಖಾನ ಹಾಸಿ, ಹಾರಬೇಕಾದ ಜಾಗದಲ್ಲಿ ಕಾಳು ಇಡದೆ ನೆಲದ ಮಟ್ಟದಲ್ಲೇ ಬಚ್ಚಿಡಿ.