ಶಹಾಬಾದ್ ಕಲ್ಲಿನ ಮೇಲಿನ ಕಂದು ಕಲೆ

ಕಲಬುರಗಿಯ ನಮ್ಮ ಮನೆಯ ಹಿತ್ತಲ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಂದು ಕಲೆಯೊಂದಿದೆ. ಮೊದಲ ಸಲ ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ಎಚ್ಚಿಂಗ್ (ಬೋರ್ಡಿನ ಮೇಲಿನ ಬೇಡದ ತಾಮ್ರವನ್ನು ಕರಗಿಸಿ ತೆಗೆಯುವ ಕೆಲಸ) ಮಾಡಿದ ದಿನ, ಅದಕ್ಕೆ ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣದ ಹನಿಯೊಂದು ಅಲ್ಲಿ ಬಿದ್ದು, ಸಣ್ಣ ಗುಳ್ಳೆಗಳನ್ನೆಬ್ಬಿಸಿ, ನಾನು ಒದ್ದೆ ಬಟ್ಟೆ ತರುವಷ್ಟರಲ್ಲಿ ಕಲ್ಲಿನ ನುಣುಪನ್ನು ತಿಂದುಹಾಕಿತ್ತು. ಅದು ಸುಣ್ಣದ ಕಲ್ಲು. ಆಮ್ಲ ತಾಗಿದರೆ ನೊರೆಯುತ್ತದೆ. ಅಂದಿನಿಂದ ನೈಟ್ರೈಲ್ ಕೈಗವಸು ಮತ್ತು ಕಣ್ಣಿಗೆ ಸುತ್ತಲೂ ಮುಚ್ಚಿಕೊಳ್ಳುವ ಕನ್ನಡಕವಿಲ್ಲದೆ ನಾನು ಡಬ್ಬಿಯ ಮುಚ್ಚಳ ತೆರೆದಿಲ್ಲ.

ಅದೇ ದಿನ ಇನ್ನೂ ದೊಡ್ಡ ತಪ್ಪೊಂದನ್ನು ಮಾಡಿದ್ದೆ: ಪುಡಿಯ ಮೇಲೆ ನೀರು ಸುರಿದಿದ್ದೆ. ನೀರಿನ ಅಂಶವಿಲ್ಲದ ಫೆರಿಕ್ ಕ್ಲೋರೈಡ್ ಕರಗುವಾಗ ಬಹಳ ಶಾಖ ಹೊರಬರುವುದರಿಂದ ಪ್ಲಾಸ್ಟಿಕ್ ಡಬ್ಬಿ ಮುಟ್ಟಲಾಗದಷ್ಟು ಕಾದು, ಹೈಡ್ರೋಕ್ಲೋರಿಕ್ ಆಮ್ಲದ ಘಾಟು ಮೂಗಿಗೆ ಅಡರಿತು. ಈಗ ತಣ್ಣೀರಿಗೆ ಪುಡಿಯನ್ನು ಚಮಚ ಚಮಚವಾಗಿ ಹಾಕುತ್ತೇನೆ, ಅದೂ ಬಯಲಿನಲ್ಲಿ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳನ್ನು ಈ ದ್ರಾವಣ ತಿನ್ನುವುದರಿಂದ ಪ್ಲಾಸ್ಟಿಕ್ ತಟ್ಟೆಯೇ ಗತಿ. ದ್ರಾವಣ ಬೆಚ್ಚಗಿದ್ದರೆ ಕೆಲಸ ಬೇಗ ಆಗುತ್ತದೆಂದು ಕೆಲವರು ಬಿಸಿನೀರಿನಲ್ಲಿ ತಟ್ಟೆ ಇಡುತ್ತಾರೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಿಗೆ ಆ ಉಪಚಾರ ಬೇಕಿಲ್ಲ.

ಹೆಚ್ಚು ಯೋಚಿಸಬೇಕಾದದ್ದು ಬಳಸಿದ ನಂತರದ ದ್ರಾವಣದ ಬಗ್ಗೆ. ಹತ್ತು ಸೆಂಟಿಮೀಟರ್ ಚೌಕದ, ಒಂದೇ ಬದಿಗೆ 35 ಮೈಕ್ರಾನ್ ತಾಮ್ರವಿರುವ ಬೋರ್ಡಿನಲ್ಲಿ ಸುಮಾರು 3 ಗ್ರಾಂ ತಾಮ್ರವಿರುತ್ತದೆ; ಅದರ ಬಹುಪಾಲು ಕರಗಿ ಇದೇ ದ್ರಾವಣಕ್ಕೆ ಸೇರುತ್ತದೆ. ಕರಗಿದ ತಾಮ್ರ ಮೀನುಗಳಿಗೂ ಇತರ ಜಲಚರಗಳಿಗೂ ವಿಷವಾದ್ದರಿಂದ ಮೋರಿಗೆ ಚೆಲ್ಲುವ ಮಾತೇ ಇಲ್ಲ. ಒಂದೇ ದ್ರಾವಣವನ್ನು ಹಲವು ಬೋರ್ಡುಗಳಿಗೆ ಬಳಸಿ, ಅದು ತೀರಾ ನಿಧಾನವಾದ ಮೇಲೆ ಆಮ್ಲ ತಣಿದು ತಾಮ್ರ ಕೆಸರಾಗಿ ತಳಕ್ಕೆ ಕೂರಲೆಂದು ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತೇನೆ. ಅವಸರ ಮಾಡಿದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ. ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿ 8ರ ಆಸುಪಾಸು ತೋರಿಸಿದಾಗ ನಿಲ್ಲಿಸಿ, ತಳದಲ್ಲಿ ಕೂತ ಕೆಸರನ್ನೂ ಮೇಲಿನ ನೀರನ್ನೂ ಬೇರೆಬೇರೆ ಡಬ್ಬಿಗಳಿಗೆ ತುಂಬಿ, ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನಿಗೆ ಒಪ್ಪಿಸುತ್ತೇನೆ. ಅವರ ಪ್ರಯೋಗಾಲಯದ ತ್ಯಾಜ್ಯದ ಜೊತೆ ಅದು ಹೋಗುತ್ತದೆ.

ಒಮ್ಮೆ ದ್ರಾವಣವನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟಿದ್ದೆ. ಅವ್ವ ಅದನ್ನು ಬೆಳಕಿಗೆ ಹಿಡಿದು, "ಇದೇನಪಾ, ಚಹಾದ ಡಿಕಾಕ್ಷನ್ ಏನು?" ಎಂದಾಗ ನನ್ನ ಎದೆ ಧಸಕ್ಕೆಂದಿತು. ಈಗ ಅದು ಹೆಸರು, ದಿನಾಂಕ ಬರೆದ ದಪ್ಪ ಡಬ್ಬಿಯಲ್ಲಿ, ಬೀಗದೊಳಗಿದೆ. ನೆಲದ ಕಲೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಅದನ್ನು ತೆಗೆಯಬಲ್ಲ ಆಕ್ಸಾಲಿಕ್ ಆಮ್ಲವೂ ಕಲ್ಲನ್ನೇ ತಿನ್ನುತ್ತದೆ.